ಓಲೆಯ ಕಟ್ಟುಗಳೂ ಅಧ್ಯಾಪನದ ಹುರುಪೂ

ಒಂದೇ ವೃತ್ತಿಯಲ್ಲಿ ಬಹುಕಾಲ ನಿಂತವನಿಗೆ ಆ ವೃತ್ತಿಯೇ ಒಮ್ಮೊಮ್ಮೆ ಹೊರೆಯಾಗಿ ತೋರುವುದುಂಟು. ವೈದ್ಯನಿಗಾಗಲಿ ವಕೀಲನಿಗಾಗಲಿ ಇದು ತಪ್ಪಿದ್ದಲ್ಲ. ಅಧ್ಯಾಪಕನಿಗಂತೂ ಪ್ರತಿ ಜೂನ್ ತಿಂಗಳಲ್ಲಿ ಅದೇ ಪಾಠ ಮೊದಲಿನಿಂದ ಮರಳಿ ಬರುವುದರಿಂದ ಈ ಬೇಸರದ ಪರಿಚಯ ಇನ್ನಷ್ಟು ನಿಕಟವಾದುದು. ಇಪ್ಪತ್ತೆಂಟು ವರ್ಷ ಸಂಧಿ, ಸಮಾಸ, ಛಂದಸ್ಸುಗಳನ್ನು ಬೋಧಿಸಿದ ಈ ಲೇಖಕನು, ಒಂದು ಹಂತದಲ್ಲಿ ಪ್ರಸ್ತಾರ ಹಾಕುವುದನ್ನು ಕೇವಲ ಪರೀಕ್ಷೆಯ ಅಂಕಗಳಿಗಾಗಿ ಕಲಿಸತೊಡಗಿದ್ದನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಗುರುಗಳ ಬಳಿ ಅದನ್ನು ಕಲಿತ ಕಾಲದ ಉತ್ಸಾಹ ಎತ್ತ ಹೋಯಿತೆಂದು ಕೇಳಿಕೊಳ್ಳುವ ವ್ಯವಧಾನವೂ ಆಗ ಇರಲಿಲ್ಲ.

ಇಂಥವರು ನೆನೆಯಬೇಕಾದ ಹಿರಿಯರೆಂದರೆ ಫ. ಗು. ಹಳಕಟ್ಟಿಯವರು. 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿ, 1904ರಲ್ಲಿ ಕಾನೂನು ಪದವಿ ಪಡೆದು, ಬೆಳಗಾವಿಯಲ್ಲಿಯೂ ಅನಂತರ ವಿಜಯಪುರದಲ್ಲಿಯೂ ವಕೀಲಿ ಮಾಡಿದವರು. ಸರಕಾರಿ ವಕೀಲರೂ ಆದವರು. ರಬಕವಿಯ ಸ್ನೇಹಿತರೊಬ್ಬರ ಮನೆಯಲ್ಲಿ ಕಣ್ಣಿಗೆ ಬಿದ್ದ ಓಲೆಗರಿಯ ಕಟ್ಟುಗಳು ಅವರ ಬಾಳಿನ ದಿಕ್ಕನ್ನು ತಿರುಗಿಸಿದವು. ಮನೆಮನೆಗಳ ದೇವರ ಜಗಲಿಯ ಮೇಲೆ ವಿಭೂತಿ ಧರಿಸಿ ಪೂಜೆಗೊಳ್ಳುತ್ತಿದ್ದ ಕಟ್ಟುಗಳನ್ನು ಅವರು ಊರೂರು ತಿರುಗಿ ಬೇಡಿ ತಂದರು, ಪ್ರತಿ ಮಾಡಿಕೊಂಡರು, ಒಂದಕ್ಕೊಂದನ್ನು ಹೋಲಿಸಿದರು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದ ಬರಹ ಅಚ್ಚಾಗದೆ ಹಿಂದಿರುಗಿದಾಗಲೂ ಅವರು ಎದೆಗುಂದಲಿಲ್ಲ. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಯಿತು. ಸ್ವಂತ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಹೊರಟಿತು. 1964ರಲ್ಲಿ ದೈವಾಧೀನರಾಗುವವರೆಗೆ ಆ ಕಾಯಕ ಅವರನ್ನು ಬಿಡಲಿಲ್ಲ.

ಹಳಕಟ್ಟಿಯವರ ಬಡತನವನ್ನು ಕೊಂಡಾಡುವ ರೂಢಿ ನಮ್ಮ ಸಭೆಗಳಲ್ಲಿದೆ. ಅದು ಅವರಿಗೆ ಭೂಷಣವಾಗಿರಬಹುದು. ಅವರ ಕಾಲದ ಸಮಾಜಕ್ಕೆ ಅದು ಭೂಷಣವಲ್ಲವೆಂಬುದನ್ನು ದಾನಿಗಳೂ ಓದುವ ಈ ಸಂಚಿಕೆಯಲ್ಲಿ ಹೇಳಿದರೆ ಅಪರಾಧವಾಗಲಾರದು. ಇಲ್ಲಿ ಗಮನಿಸಬೇಕಾದ ಸಂಗತಿಯೇ ಬೇರೆ. ಅವರು ನ್ಯಾಯಾಲಯದಿಂದ ದೂರ ಸರಿದರೂ ವಕೀಲನ ಕಣ್ಣನ್ನು ಅಲ್ಲಿಯೇ ಬಿಟ್ಟು ಬರಲಿಲ್ಲ. ಭಿನ್ನ ಪಾಠಗಳುಳ್ಳ ಎರಡು ಪ್ರತಿಗಳ ಮುಂದೆ ಕುಳಿತು, ಯಾವುದು ನಂಬಲರ್ಹ, ಯಾವುದು ಲಿಪಿಕಾರನ ಕೈತಪ್ಪು ಎಂದು ತೂಗುವುದು ಸಾಕ್ಷಿಗಳನ್ನು ವಿಚಾರಿಸಿದಂತೆಯೇ ಅಲ್ಲವೆ? ಹಳೆಯ ವಿದ್ಯೆ ಹೊಸ ಕೆಲಸದಲ್ಲಿ ಹೊಕ್ಕು ತನ್ನ ಬೆಲೆಯನ್ನು ತಾನೇ ಕಂಡುಕೊಂಡಿತು.

ಈ ಮಾತು ಲೇಖಕನಿಗೆ ಹೊಳೆದದ್ದು ಗ್ರಂಥದಿಂದಲ್ಲ, ಒಂದು ಪ್ರಮಾದದಿಂದ. ಕಕ್ಕೇರಾದ ಸಮೀಪದ ಹಳ್ಳಿಯೊಂದರ ಮನೆಯಲ್ಲಿ ಓಲೆಯ ಕಟ್ಟೊಂದಿದೆಯೆಂದು ಹಳೆಯ ವಿದ್ಯಾರ್ಥಿಯೊಬ್ಬ ತಿಳಿಸಿದ್ದ. ಇಂದು ಹೋದೇನು, ಬೇಸಗೆಯ ರಜೆಯಲ್ಲಿ ಹೋದೇನು ಎಂದು ಆರು ವರ್ಷ ಕಳೆದವು. ಕೊನೆಗೆ ಹೋದ ದಿನ ಆ ಮನೆಯ ಹಿರಿಯ ತಾಯಿ, “ತಡಾ ಮಾಡಿದ್ರಿ ಮಾಸ್ತರ. ನಮ್ಮ ಹಿರ್ಯಾರು ತೀರಿಕೊಂಡ ಮ್ಯಾಲ ಓದೋರು ಯಾರೂ ಉಳೀಲಿಲ್ಲ. ಮನ್ಯಾಗ ಇಟ್ಟು ಮೈಲಿಗಿ ಮಾಡಬಾರದಂತ ಹ್ವಾದ ಅಮಾಸಿಗೆ ಹೊಳಿಗಿ ಬಿಟ್ಟೀವಿ” ಎಂದರು. ಅವರ ತಪ್ಪೇನೂ ಇರಲಿಲ್ಲ. ಪೂಜ್ಯ ವಸ್ತುವಿಗೆ ಸಲ್ಲಿಸಬೇಕಾದ ಗೌರವವನ್ನು ಅವರು ತಿಳಿದಂತೆ ಸಲ್ಲಿಸಿದ್ದರು. ಕೃಷ್ಣೆಯ ಪಾಲಾದದ್ದು ಯಾವ ಕೃತಿಯೋ ಇನ್ನು ತಿಳಿಯುವಂತಿಲ್ಲ.

ನಮ್ಮ ಸುರಪುರ ಸೀಮೆಯಲ್ಲಿ ಇಂಥ ನಷ್ಟ ಸಣ್ಣದಲ್ಲ. ಮುದನೂರು ದೇವರ ದಾಸಿಮಯ್ಯನ ಊರು. ಕೊಡೇಕಲ್ಲಿನಲ್ಲಿ ಬಸವಣ್ಣನವರ ಪರಂಪರೆಯ ಕಾಲಜ್ಞಾನ ಸಾಹಿತ್ಯ ಅಮರಗನ್ನಡವೆಂಬ ಗೂಢಲಿಪಿಯಲ್ಲಿ ಉಳಿದಿದೆ. ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಮೇಲಾಗಿ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ವಿದ್ಯೆ ಹೆಚ್ಚಾಗಿ ಉರ್ದುವಿನಲ್ಲಿ ನಡೆದುದರಿಂದ, ಮನೆಯಲ್ಲಿ ಕನ್ನಡದ ಓಲೆಯಿದ್ದರೂ ಅದನ್ನು ಬಿಚ್ಚಿ ಓದುವ ಪೀಳಿಗೆ ಇಲ್ಲಿ ಬೇಗನೆ ತೆಳುವಾಯಿತು.

ಅಂದಿನಿಂದ ಭಾನುವಾರಗಳಂದು ನಾಲ್ವರು ಅಧ್ಯಾಪಕರೂ ಒಂಬತ್ತನೆಯ ತರಗತಿಯ ಕೆಲವು ಮಕ್ಕಳೂ ಸೇರಿ ಊರೂರಿಗೆ ಹೋಗುವ ಕ್ರಮ ಮೊದಲಾಯಿತು. ಕಟ್ಟನ್ನು ಕೇಳಿ ತರುವುದಿಲ್ಲ. ಮನೆಯವರ ಕಣ್ಣೆದುರಿನಲ್ಲಿಯೇ ಬಿಚ್ಚಿ, ಮೆತ್ತನೆಯ ಕುಂಚದಿಂದ ಧೂಳು ತೆಗೆದು, ನಿಂಬೆಹುಲ್ಲಿನ ಎಣ್ಣೆಯನ್ನು ಹದವಾಗಿ ಸವರಿ, ಅಕ್ಷರ ಮಸುಕಾದಲ್ಲಿ ಕಾಡಿಗೆ ತೀಡಿ, ಗರಿಗರಿಯ ಛಾಯಾಚಿತ್ರ ತೆಗೆದು, ಮರಳಿ ಕಟ್ಟಿ ಜಗಲಿಗೆ ಒಪ್ಪಿಸುವುದು. ಛಾಯಾಚಿತ್ರದ ಕೆಲಸವನ್ನು ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ಮೊಬೈಲಿನಲ್ಲಿ ನಿರ್ವಹಿಸುತ್ತಾನೆ. ಇದರಲ್ಲಿ ಅವನೇ ನಮಗೆ ಗುರು.

ಓದುವ ಕೆಲಸ ತರಗತಿಯಲ್ಲಿ. ಹಳೆಯ ಓಲೆಗಳಲ್ಲಿ ಎ-ಏ, ಒ-ಓ ಎಂಬ ಹ್ರಸ್ವದೀರ್ಘಗಳಿಗೆ ಭೇದವಿಲ್ಲ. ‘ಕೊಡು’ ಎಂಬುದನ್ನೂ ‘ಕೋಡು’ ಎಂಬುದನ್ನೂ ಲಿಪಿಕಾರನು ಒಂದೇ ಬಗೆಯಾಗಿ ಬರೆಯುತ್ತಾನೆ. ಪದಗಳ ನಡುವೆ ತೆರಪಿಲ್ಲ, ವಿರಾಮಚಿಹ್ನೆಗಳಿಲ್ಲ. ಭಾಮಿನಿ ಷಟ್ಪದಿಯ ಪುರಾಣವೊಂದರ ಗರಿಯನ್ನು ಓದುತ್ತಿದ್ದಾಗ ಒಬ್ಬ ಬಾಲಕಿ ಎದ್ದು ನಿಂತು, “ಗುರುಗಳೆ, ಇದು ತೆರುವೋ ತೇರೋ?” ಎಂದು ಕೇಳಿದಳು. ಒಂದು ಕೊಡತಕ್ಕ ಕಂದಾಯ, ಇನ್ನೊಂದು ಎಳೆಯತಕ್ಕ ರಥ. ಉತ್ತರ ಹೇಳುವ ಬದಲು ಮಾತ್ರೆ ಎಣಿಸಲು ಹೇಳಿದೆನು. ಮೊದಲ ಸಾಲಿಗೆ ಮೂರು-ನಾಲ್ಕು, ಮೂರು-ನಾಲ್ಕು ಎಂದು ಹದಿನಾಲ್ಕು ಮಾತ್ರೆ ಬರಬೇಕು. ಹ್ರಸ್ವವೆಂದು ಓದಿದರೆ ಹದಿಮೂರಾಯಿತು. “ತೇರು, ತೇರು!” ಎಂದು ತರಗತಿಯೆಲ್ಲ ಕೂಗಿತು. ಇಪ್ಪತ್ತೆಂಟು ವರ್ಷಗಳಲ್ಲಿ ಪ್ರಸ್ತಾರದ ಪಾಠಕ್ಕೆ ಮಕ್ಕಳು ಕೂಗಿದ್ದು ಅದೇ ಮೊದಲು. ಆ ದಿನ ಮನೆಗೆ ಬಂದು ಲೇಖಕನು ತನ್ನ ವಿದ್ಯಾರ್ಥಿದೆಸೆಯ ಛಂದಸ್ಸಿನ ಟಿಪ್ಪಣಿಗಳನ್ನು ಪೆಟ್ಟಿಗೆಯಿಂದ ಹೊರತೆಗೆದನು. ಅಂಚುಗಳನ್ನು ಗೆದ್ದಲು ತಿಂದಿತ್ತು.

ಹೀಗೆ ಬರೆಯುವಾಗ, ದೊಡ್ಡ ಶೋಧವೇನೋ ನಡೆದಿದೆಯೆಂಬ ಭ್ರಮೆ ವಾಚಕರಲ್ಲಿ ಹುಟ್ಟಬಾರದು. ಇದುವರೆಗೆ ಕಂಡ ಒಂಬತ್ತು ಕಟ್ಟುಗಳಲ್ಲಿ ಏಳು ಈಗಾಗಲೇ ಅಚ್ಚಾದ ಕೃತಿಗಳ ಪ್ರತಿಗಳು. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ರಾಜ್ಯ ಸರಕಾರವು ಹದಿನೈದು ವಚನ ಸಂಪುಟಗಳನ್ನು 1993ರಲ್ಲಿಯೇ ಹೊರತಂದಿರುವಾಗ, ಹೊಸ ವಚನರಾಶಿ ನಮ್ಮ ಕೈಗೆ ಸಿಕ್ಕೀತೆಂಬ ನಿರೀಕ್ಷೆಯೂ ಇಲ್ಲ. ಎಂಟನೆಯದು ಯಾರೋ ಗೃಹಸ್ಥರ ಲೆಕ್ಕಪತ್ರ: ಜೋಳ, ಎಣ್ಣೆ, ಮದುವೆಯ ಖರ್ಚು. ಮಕ್ಕಳು ಪುರಾಣಕ್ಕಿಂತ ಅದನ್ನೇ ಹೆಚ್ಚು ಆಸಕ್ತಿಯಿಂದ ಓದಿದರೆಂಬುದನ್ನು ಮರೆಮಾಚಲಾರೆ.

ಒಂಬತ್ತನೆಯ ಕಟ್ಟಿನ ಮೊದಲ ಗರಿಗಳೂ ಕೊನೆಯ ಗರಿಗಳೂ ಇಲ್ಲ. ಆದುದರಿಂದ ಕೃತಿಯ ಹೆಸರಾಗಲಿ ಕರ್ತೃವಾಗಲಿ ತಿಳಿದಿಲ್ಲ. ತೇರನ್ನು ಗುರುತಿಸಿದ ಆ ಬಾಲಕಿಯೇ ಅದರ ಮೂವತ್ತೊಂದು ಗರಿಗಳನ್ನು ಪ್ರತಿ ಮಾಡಿದ್ದಾಳೆ. ಅದರ ಜೊತೆಯ ಪ್ರತಿಯೊಂದು ಹೊಳೆಯಾಚೆಯ ಹಳ್ಳಿಯಲ್ಲಿ ಇದೆಯೆಂದು ಅವಳ ಅಜ್ಜ ಹೇಳಿದ್ದಾರೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಅಲ್ಲಿಗೆ ಹೋಗುವುದೆಂದು ನಿಶ್ಚಯವಾಗಿದೆ.