ಸಿಸೇರಿಯನ್ ನೋವು: ಹೇಳುವುದು ತಾಯಿಯ ಹಕ್ಕು, ಕೇಳುವುದು ಆಸ್ಪತ್ರೆಯ ಹೊಣೆ

ಸಿಸೇರಿಯನ್‌ಗೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಎದೆಯಿಂದ ಕೆಳಗೆ ಮರಗಟ್ಟಿಸುತ್ತಾರೆ. ತಾಯಿಗೆ ಎಚ್ಚರವಿರುತ್ತದೆ. ಹೊಟ್ಟೆ ಒತ್ತಿದಂತೆ, ಎಳೆದಂತೆ ಅನ್ನಿಸುವುದು ಸಹಜ. ಕೊಯ್ದಂತೆ ನೋಯುವುದು ಸಹಜವಲ್ಲ. ಆಗ "ಸ್ವಲ್ಪ ತಡ್ಕೊಳ್ಳಮ್ಮ" ಎಂದಷ್ಟೇ ಹೇಳಿ ಮುಂದುವರಿಯುವುದು ಸರಿಯಲ್ಲ.

ಸಹಿಗೆ ಮುನ್ನ

ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಮುಖ್ಯ ಅಪಾಯ, ಬೇರೆ ದಾರಿಗಳನ್ನು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಅರಿವಳಿಕೆಯಲ್ಲಿದ್ದ ವಯಸ್ಕ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯನ್ನೂ ಅದು ಮಾನ್ಯ ಮಾಡಲಿಲ್ಲ. ಜೀವ ಉಳಿಸುವ ತುರ್ತಿಗೆ ಮಾತ್ರ ವಿನಾಯಿತಿ. ಹಾಗಾಗಿ ಗಂಡನ ಸಹಿಯಷ್ಟೇ ಸಾಲದು. ಅರಿವಳಿಕೆ ತಜ್ಞರನ್ನು ನೀವೇ ಕೇಳಿ: ಯಾವ ಅರಿವಳಿಕೆ? ಅದು ಸರಿಯಾಗಿ ಹಿಡಿಯದಿದ್ದರೆ ಮುಂದೇನು?

ಆಪರೇಷನ್ ಟೇಬಲ್ ಮೇಲೆ

ಕೊಯ್ಯುವ ಮೊದಲು ತಣ್ಣನೆಯದನ್ನು ಮುಟ್ಟಿಸಿಯೋ ಮೆಲ್ಲಗೆ ಚುಚ್ಚಿಯೋ ಮರಗಟ್ಟಿದೆಯೇ ಎಂದು ಪರೀಕ್ಷಿಸುತ್ತಾರೆ. ಮುಜುಗರ ಬಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿ. ನಡುವೆ ನೋವಾದರೆ "ಒತ್ತಡವಲ್ಲ, ನೋವು" ಎಂದು ಸ್ಪಷ್ಟವಾಗಿ ತಿಳಿಸಿ. ಹೆಚ್ಚುವರಿ ನೋವುನಿವಾರಕವೋ ಪೂರ್ಣ ಅರಿವಳಿಕೆಯೋ, ದಾರಿಗಳಿವೆ.

ವಾರ್ಡಿನಲ್ಲಿ

ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ನೋವಿನ ಔಷಧಗಳಿವೆ, ಕೇಳಿ ಪಡೆಯಿರಿ. ಕುಳಿತರೆ ಹೆಚ್ಚಿ, ಮಲಗಿದರೆ ಇಳಿಯುವ ತಲೆನೋವು ಬೆನ್ನಿನ ಇಂಜೆಕ್ಷನ್‌ನಿಂದ ಬಂದಿರಬಹುದು, ತಕ್ಷಣ ತಿಳಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸಿಸೇರಿಯನ್, ಔಷಧ, ರಕ್ತ, 7 ದಿನಗಳವರೆಗಿನ ಊಟ ಎಲ್ಲವೂ ಉಚಿತ. ಹೊರಗಿನಿಂದ ಔಷಧ ತರಲು ಚೀಟಿ ಕೊಟ್ಟರೆ ಪ್ರಶ್ನಿಸಿ.

ದೂರು ಕೊಡುವುದಾದರೆ

ಅರಿವಳಿಕೆ ಸರಿಯಾಗಿ ಹಿಡಿಯದ್ದೆಲ್ಲ ನಿರ್ಲಕ್ಷ್ಯವಾಗದು. ನೋವು ಹೇಳಿಕೊಂಡರೂ ಏನೂ ಮಾಡದಿದ್ದರೆ ಅದು ಪ್ರಶ್ನಾರ್ಹ.

- ಕೇಸ್ ಶೀಟ್, ಅರಿವಳಿಕೆ ದಾಖಲೆಗಳ ಪ್ರತಿಯನ್ನು ಲಿಖಿತವಾಗಿ ಕೇಳಿ. 2002ರ ವೈದ್ಯಕೀಯ ನಿಯಮಗಳಂತೆ 72 ಗಂಟೆಯೊಳಗೆ ಕೊಡಬೇಕು.
- ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿ ನೇತೃತ್ವದ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಬಹುದು.
- ಪರಿಹಾರಕ್ಕೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ.
- ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿಯ ದೂರನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಿ.
- ವೈದ್ಯರ ನಡತೆಯ ಬಗ್ಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಿರಿ.

ಬಾಣಂತನದ ದಿನಗಳಲ್ಲಿ ದೂರು ಬರೆಯಲು ಕೂರುವುದು ಕಷ್ಟ. ಅದಕ್ಕೆ ಸಮಯವಿದೆ. ಆದರೆ ಟೇಬಲ್ ಮೇಲೆ ಆದದ್ದನ್ನು ನೆನಪು ಮಾಸುವ ಮೊದಲೇ ಬರೆದಿಡಿ, ದಾಖಲೆ ಕೇಳುವ ಅರ್ಜಿಯನ್ನು ಮನೆಯವರ ಕೈಯಲ್ಲಾದರೂ ಕೊಡಿಸಿ, ಸ್ವೀಕೃತಿ ಪಡೆಯಿರಿ.