ಬೆನ್ನ ಮೇಲೆ ಮನೆ, ಬಾಲದಲ್ಲಿ ಬಂಡಿ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಹೆದ್ದಾರಿಗಳಲ್ಲಿ ಒಂದು ವಿಚಿತ್ರ ವಾಹನಜೋಡಿ ಕಾಣಸಿಗುತ್ತದೆ. ಪಿಕಪ್ ಟ್ರಕ್ಕಿನ ತೆರೆದ ಹಿಂಭಾಗದೊಳಕ್ಕೆ ಜಾರಿಸಿ ಕೂರಿಸಿದ ಪುಟ್ಟ ಮನೆ. ಅದರಲ್ಲಿ ಮಂಚ, ಒಲೆ, ನೀರಿನ ತೊಟ್ಟಿ. ಇದಕ್ಕೆ ಕ್ಯಾಂಪರ್ ಎಂದು ಹೆಸರು. ಟ್ರಕ್ಕಿನ ಹಿಂದೆ ಒಂದು ಟ್ರೈಲರು. ಅದರ ಮೇಲೊಂದು ಕಾರು. ಬಿಡಾರ ಹೂಡಿದ ಬಳಿಕ ಸುತ್ತಾಡಲು ಈ ಕಾರು ಬೇಕು. ಎಂಜಿನ್ನಿಗೆ ಬಲವಿದ್ದರೆ ಇಷ್ಟನ್ನೂ ಎಳೆಯಬಹುದೆಂದು ನಮಗೆ ತೋರುವುದು ಸಹಜ. ಆದರೆ ಭಾರವೆಷ್ಟು ಎಂಬುದರಷ್ಟೇ, ಅದು ಎಲ್ಲಿದೆ ಎಂಬುದೂ ಮುಖ್ಯ. ಇದನ್ನರಿಯದೆ ಹೊರಟವರ ಪ್ರಾಣಕ್ಕೇ ಅಪಾಯವುಂಟು.

ಸನ್ನೆಗೋಲಿನ ಲೆಕ್ಕ

ಕ್ಯಾಂಪರು ಅನೇಕವೇಳೆ ಟ್ರಕ್ಕಿನ ಹಿಂತುದಿಯನ್ನು ದಾಟಿ ಚಾಚಿಕೊಂಡಿರುತ್ತದೆ. ಆಗ ಉಕ್ಕಿನ ತೊಲೆಯೊಂದನ್ನು ಜೋಡಿಸಿ, ಟ್ರೈಲರಿನ ಕೊಂಡಿಯನ್ನು ಇನ್ನಷ್ಟು ಹಿಂದಕ್ಕೆ ಒಯ್ಯಬೇಕಾಗುತ್ತದೆ. ಇದರ ಪರಿಣಾಮವೇನು?

ಟ್ರಕ್ಕನ್ನು ಒಂದು ಸನ್ನೆಗೋಲೆಂದು ಭಾವಿಸೋಣ. ಹಿಂದಿನ ಅಚ್ಚೇ ಅದರ ಆಧಾರಬಿಂದು. ಎರಡು ಅಚ್ಚುಗಳ ನಡುವಣ ದೂರ 4 ಮೀಟರು. ಕೊಂಡಿ ಹಿಂದಿನ ಅಚ್ಚಿನಿಂದ 1 ಮೀಟರು ಹಿಂದೆ. ಟ್ರೈಲರು ಕೊಂಡಿಯ ಮೇಲೆ ಊರುವ ಭಾರ 300 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಆಗ ಮುಂದಿನ ಅಚ್ಚಿನ ಮೇಲಣ ಭಾರ 300 × 1 ÷ 4, ಎಂದರೆ 75 ಕಿಲೋಗ್ರಾಂ ಕಡಿಮೆಯಾಗುತ್ತದೆ. ಹಿಂದಿನದರ ಮೇಲೆ 375 ಕಿಲೋಗ್ರಾಂ ಹೆಚ್ಚುತ್ತದೆ. ಕೊಂಡಿಯನ್ನು ಇನ್ನೂ 1 ಮೀಟರು ಹಿಂದಕ್ಕೆ ಒಯ್ದರೆ ಈ ಅಂಕಿಗಳು 150 ಮತ್ತು 450 ಆಗುತ್ತವೆ. ಕೊಂಡಿಯ ಮೇಲಿನ ಭಾರ ಒಂದು ಗ್ರಾಮೂ ಹೆಚ್ಚಲಿಲ್ಲ. ಅದರ ಸ್ಥಾನ ಮಾತ್ರ ಬದಲಾಯಿತು!

ವಾಹನವನ್ನು ತಿರುಗಿಸುವುದು ಮುಂದಿನ ಚಕ್ರಗಳು. ಅವು ಹಗುರಾದಷ್ಟೂ ರಸ್ತೆಯ ಮೇಲಿನ ಹಿಡಿತ ಸಡಿಲವಾಗುತ್ತದೆ. ಕ್ಯಾಂಪರನ್ನು ಹೊತ್ತು ಮೊದಲೇ ಬಳಲಿದ ಹಿಂದಿನ ಟೈರುಗಳು ತಮ್ಮ ಮಿತಿಯನ್ನು ಮೀರಬಹುದು. ತೊಲೆ ಉದ್ದವಾದಂತೆ ಕೊಂಡಿ ತಾಳಬಲ್ಲ ಭಾರವೂ ಕುಗ್ಗುತ್ತದೆ.

ಮೂಕಿಯ ಭಾರ

ಹಾಗಾದರೆ ಕೊಂಡಿಯ ಮೇಲೆ ಭಾರವೇ ಬೀಳದಂತೆ ಮಾಡಬಾರದೇಕೆ? ನಮ್ಮ ಎತ್ತಿನ ಗಾಡಿಯವನಿಗೆ ಇದರ ಉತ್ತರ ಗೊತ್ತು. ಹೇರು ಹಿಂದಕ್ಕೆ ಸರಿದರೆ ಮೂಕಿ ಮೇಲೇಳುತ್ತದೆ; ತೀರ ಮುಂದಾದರೆ ಎತ್ತುಗಳ ಹೆಗಲು ನೋಯುತ್ತದೆ. ಟ್ರೈಲರಿನಲ್ಲಿ ಇದಕ್ಕಿಂತ ಘೋರವಾದ ಅಪಾಯವಿದೆ. ಅದರ ಗುರುತ್ವಕೇಂದ್ರ ಚಕ್ರಗಳ ಹಿಂದಕ್ಕೆ ಸರಿದಿದ್ದರೆ, ಅಡ್ಡಗಾಳಿಯ ಒಂದು ನೂಕಿಗೇ ಅದು ಲೋಲಕದಂತೆ ಎಡಬಲಕ್ಕೆ ಓಲಾಡತೊಡಗುತ್ತದೆ. ವೇಗ ಕಡಿಮೆಯಿದ್ದರೆ ಟೈರುಗಳ ಘರ್ಷಣೆ ಈ ಆಂದೋಲನವನ್ನು ಅಡಗಿಸುತ್ತದೆ. ಒಂದು ವೇಗವನ್ನು ಮೀರಿದೊಡನೆ ಪ್ರತಿಯೊಂದು ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗಿ, ಕೊನೆಗೆ ಟ್ರಕ್ಕನ್ನೇ ಉರುಳಿಸಬಹುದು.

ಆದ್ದರಿಂದ ಟ್ರೈಲರಿನ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕೆಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ನಿಯಮ. 2,500 ಕಿಲೋಗ್ರಾಂ ಟ್ರೈಲರಿಗೆ ಇದು 250ರಿಂದ 375 ಕಿಲೋಗ್ರಾಂ. ಇದನ್ನು ಹೊಂದಿಸುವ ಉಪಾಯ ಸುಲಭ. ಕೊಂಡಿಯಿಂದ ಟ್ರೈಲರಿನ ಅಚ್ಚಿಗೆ 4 ಮೀಟರು ಇದ್ದರೆ, 1,600 ಕಿಲೋಗ್ರಾಂ ಕಾರನ್ನು 25 ಸೆಂಟಿಮೀಟರು ಮುಂದೂಡಿದಾಗ ಕೊಂಡಿಯ ಭಾರ 100 ಕಿಲೋಗ್ರಾಂ ಹೆಚ್ಚುತ್ತದೆ.

ಚಾಲಕನ ಕರ್ತವ್ಯ

ಓಲಾಟ ಮೊದಲಾದರೆ ಚಾಲಕನು ಗಾಬರಿಯಿಂದ ಟ್ರಕ್ಕಿನ ಬ್ರೇಕನ್ನು ಒತ್ತಬಾರದು. ವೇಗವನ್ನು ಹೆಚ್ಚಿಸಲೂ ಬಾರದು. ಸ್ಟೀರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ತೆಗೆದು, ಟ್ರೈಲರಿನ ಬ್ರೇಕನ್ನು ಮಾತ್ರ ಕೈಯಿಂದ ಹಾಕಬೇಕು. ಹಿಂದಿನಿಂದ ಎಳೆದಂತಾಗಿ ಜೋಡಿ ನೆಟ್ಟಗಾಗುತ್ತದೆ.

ಇದಕ್ಕಿಂತ ಉತ್ತಮವಾದುದು ಮುನ್ನೆಚ್ಚರಿಕೆ. ನೀರು ತುಂಬಿ, ಜನರು ಕುಳಿತ ಮೇಲೆ, ಪ್ರತಿಯೊಂದು ಅಚ್ಚಿನ ಭಾರವನ್ನೂ ವೇಬ್ರಿಡ್ಜಿನಲ್ಲಿ ಬೇರೆ ಬೇರೆಯಾಗಿ ತೂಗಿಸಿ, ತಯಾರಕರು ವಿಧಿಸಿದ ಮಿತಿಯೊಡನೆ ಹೋಲಿಸಬೇಕು. 150 ಲೀಟರು ನೀರೆಂದರೆ 150 ಕಿಲೋಗ್ರಾಂ ಎಂಬುದನ್ನು ಮರೆಯಬಾರದು. ಶಾಲೆಯಲ್ಲಿ ಅಳತೆಪಟ್ಟಿಯನ್ನು ಪೆನ್ಸಿಲಿನ ಮೇಲಿಟ್ಟು ನಾವು ಕಲಿತ ಸನ್ನೆಗೋಲಿನ ನಿಯಮವೇ ಹೆದ್ದಾರಿಯಲ್ಲಿ ಒಂದು ಸಂಸಾರದ ಪ್ರಾಣವನ್ನು ಕಾಯುತ್ತದೆ.