ಕ್ರಿಯಾಟಿನಿನ್ ಅಂಕಿಯನ್ನು ಓದುವ ಕ್ರಮ

ರಕ್ತಪರೀಕ್ಷೆಯ ವರದಿಯಲ್ಲಿ 'ಸೀರಂ ಕ್ರಿಯಾಟಿನಿನ್ 1.1' ಎಂದು ನಮೂದಾಗಿದ್ದರೆ ಬಹುತೇಕರು 'ನಾರ್ಮಲ್' ಎಂದುಕೊಂಡು ವರದಿಯನ್ನು ಮಡಚಿಡುತ್ತಾರೆ. ಆ ಅಂಕಿ ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿಯುವ 25 ವರ್ಷದ ಯುವಕನದಾದರೆ ಚಿಂತೆಗೆ ಕಾರಣವಿಲ್ಲ. ಚಿಂಚೋಳಿ ಕಡೆಯ 60 ವರ್ಷದ ಮಹಿಳೆಯದಾದರೆ ಅದೇ 1.1 ಬೇರೊಂದು ಸಂಗತಿಯನ್ನು ಸೂಚಿಸುತ್ತದೆ.

ಸ್ನಾಯುಗಳಲ್ಲಿರುವ ಕ್ರಿಯಾಟಿನ್ ಎಂಬ ವಸ್ತುವಿನಿಂದ ಪ್ರತಿದಿನ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟುವ ತ್ಯಾಜ್ಯವೇ ಕ್ರಿಯಾಟಿನಿನ್. ಮೂತ್ರಪಿಂಡಗಳು ಅದನ್ನು ಸೋಸಿ ಮೂತ್ರದ ಮೂಲಕ ಹೊರಹಾಕುತ್ತವೆ. ಗ್ರಾಮದ ಶುದ್ಧ ನೀರಿನ ಘಟಕದಲ್ಲಿ ಶೋಧಕ ಸವೆದಂತೆ ನೀರಿನ ಟಿ.ಡಿ.ಎಸ್. ಏರುವ ಹಾಗೆ, ಮೂತ್ರಪಿಂಡ ದುರ್ಬಲಗೊಂಡಂತೆ ರಕ್ತದಲ್ಲಿ ಈ ಅಂಶ ಏರುತ್ತದೆ. ವ್ಯತ್ಯಾಸವೊಂದಿದೆ: ಮೂತ್ರಪಿಂಡದ ಶಕ್ತಿ ಅರ್ಧದಷ್ಟು ಕುಂದುವವರೆಗೂ ಅಂಕಿ ಸಾಮಾನ್ಯ ಮಿತಿಯೊಳಗೇ ಉಳಿಯಬಹುದು. ಸಾಮಾನ್ಯ ಮಿತಿಯು ಡೆಸಿಲೀಟರ್‌ಗೆ ಪುರುಷರಲ್ಲಿ ಸುಮಾರು 0.7ರಿಂದ 1.3 ಮಿಲಿಗ್ರಾಂ, ಮಹಿಳೆಯರಲ್ಲಿ 0.6ರಿಂದ 1.1.

ಸ್ನಾಯು ಕಡಿಮೆ ಇರುವವರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಆದ್ದರಿಂದ ವಯಸ್ಸು ಮತ್ತು ಲಿಂಗವನ್ನು ಸೇರಿಸಿ 'ಇ-ಜಿ.ಎಫ್.ಆರ್.' ಎಂಬ ಸೋಸುವಿಕೆಯ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. 2021ರ ಸೂತ್ರದಂತೆ ಮೇಲಿನ ಯುವಕನಿಗೆ ಅದು ಸುಮಾರು 95, ಮಹಿಳೆಗೆ ಸುಮಾರು 58. ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗೇ ಉಳಿದರೆ ಅದನ್ನು ದೀರ್ಘಕಾಲಿಕ ಮೂತ್ರಪಿಂಡ ರೋಗವೆಂದು ಪರಿಗಣಿಸಲಾಗುತ್ತದೆ. ಇಂತಹ ಮಹಿಳೆಯೇ ತಪಾಸಣೆಯಲ್ಲಿ ಹೆಚ್ಚಾಗಿ ಕೈತಪ್ಪಿ ಹೋಗುವವರು.

ಸೇಡಂ, ಚಿತ್ತಾಪುರ, ವಾಡಿ ಪರಿಸರದ ಸುಣ್ಣಕಲ್ಲಿನ ಗಣಿಗಳಲ್ಲಿ, ಸಿಮೆಂಟ್ ಕಾರ್ಖಾನೆಗಳ ಗುತ್ತಿಗೆ ಕೆಲಸದಲ್ಲಿ, ತೊಗರಿ ಹೊಲಗಳಲ್ಲಿ ದುಡಿಯುವವರ ವಿಷಯದಲ್ಲಿ ಇನ್ನೊಂದು ಎಚ್ಚರ ಅಗತ್ಯ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ದಿನವಿಡೀ ಬೆವರಿ ಸಾಕಷ್ಟು ನೀರು ಕುಡಿಯದೆ ಪರೀಕ್ಷೆಗೆ ಬಂದರೆ ಅಂಕಿ ತಾತ್ಕಾಲಿಕವಾಗಿ ಏರಿರಬಹುದು. ವೈದ್ಯರ ಸಲಹೆಯಂತೆ ಮರುಪರೀಕ್ಷೆ ಮಾಡಿಸಬೇಕು. ಹಾಗೆಂದು ಅದನ್ನು ಕಡೆಗಣಿಸುವಂತಿಲ್ಲ. ಬಳಲಿದ ಶರೀರಕ್ಕೆ ಸಂಜೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್‌ನಂತಹ ನೋವಿನ ಮಾತ್ರೆಯೂ ಸೇರಿದರೆ ಮೂತ್ರಪಿಂಡಕ್ಕೆ ಹರಿಯುವ ರಕ್ತ ಮತ್ತಷ್ಟು ಕುಗ್ಗುತ್ತದೆ. ಚೀಟಿಯಿಲ್ಲದೆ ಇಂತಹ ಮಾತ್ರೆ ಕೈಗೆ ಸಿಗುವುದು ಗ್ರಾಮಗಳಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಗ್ರಾಮಸಭೆಯಲ್ಲಿ ಇದು ಚರ್ಚೆಯಾಗದಿರುವುದೇ ಆಶ್ಚರ್ಯ.

ಉದ್ಯೋಗ ಖಾತರಿ ಕಾಮಗಾರಿ ಸ್ಥಳದಲ್ಲಿ ಕುಡಿಯುವ ನೀರು ಮತ್ತು ನೆರಳು ಕಡ್ಡಾಯವಾಗಿದ್ದುದು ಔಪಚಾರಿಕತೆಗಾಗಿ ಅಲ್ಲ. ಬೇಸಿಗೆಯ ಕೆಲಸವನ್ನು ಬೆಳಗಿನ ತಂಪಿಗೆ ಹೊಂದಿಸುವುದು ಸದಸ್ಯರ ಕೈಯಲ್ಲಿಯೇ ಇದೆ.

ಮಧುಮೇಹ ಮತ್ತು ರಕ್ತದೊತ್ತಡ ಮೂತ್ರಪಿಂಡ ಹಾನಿಯ ಮುಖ್ಯ ಕಾರಣಗಳು. 30 ವರ್ಷ ಮೀರಿದವರಿಗೆ ಇವೆರಡರ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ನಡೆಯುತ್ತದೆ. ಅಲ್ಲಿ ರೋಗ ಪತ್ತೆಯಾದವರ ಕ್ರಿಯಾಟಿನಿನ್ ಜೊತೆಗೆ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನೂ ವರ್ಷಕ್ಕೊಮ್ಮೆ ಮಾಡಿಸುವಂತೆ ಆಶಾ ಕಾರ್ಯಕರ್ತೆಯರ ಮೂಲಕ ನೆನಪಿಸಬೇಕು. ಕ್ರಿಯಾಟಿನಿನ್ ಏರುವ ಮೊದಲೇ ಮೂತ್ರದಲ್ಲಿ ಆಲ್ಬುಮಿನ್ ಕಾಣಿಸಿಕೊಳ್ಳಬಲ್ಲದು.

ಡಯಾಲಿಸಿಸ್ ಹಂತ ತಲುಪಿದ ಬಡ ಕುಟುಂಬಗಳಿಗೆ 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಉಚಿತ ಸೇವೆಯಿದೆ. ಆದರೆ ವಾರಕ್ಕೆ ಎರಡು ಮೂರು ಬಾರಿಯ ಪ್ರಯಾಣ, ಜೊತೆಗೆ ಹೋಗುವವರ ಕೂಲಿಯ ನಷ್ಟ ಯಾವ ಯೋಜನೆಯ ಲೆಕ್ಕಕ್ಕೂ ಸುಲಭವಾಗಿ ಸಿಗದು. ಹಳೆಯ ವರದಿಗಳನ್ನು ಎಸೆಯದೆ ಒಂದೇ ಚೀಲದಲ್ಲಿ ಇಟ್ಟುಕೊಂಡು ಪ್ರತಿ ಭೇಟಿಗೂ ಒಯ್ಯುವಂತೆ ತಿಳಿಸಬೇಕು. ಕಳೆದ ವರ್ಷದ 0.7 ಈ ವರ್ಷ 1.0 ಆಗಿರುವುದು ಆಗ ಮಾತ್ರ ವೈದ್ಯರ ಕಣ್ಣಿಗೆ ಬೀಳುತ್ತದೆ.